ಪ್ಯಾಲೆಸ್ಟೀನ್‌ನ ಐಟಿ: ಸರ್ಕಾರದ ಪಾಲೆಷ್ಟು, ಎನ್‌ಜಿಒಗಳ ಪಾಲೆಷ್ಟು?

ಪ್ರಶ್ನೆ: ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಒಂದು ಪ್ರಾಜೆಕ್ಟ್‌ನಲ್ಲಿ ಪ್ಯಾಲೆಸ್ಟೀನ್‌ನ ರಮಲ್ಲಾ ಊರಿನ ಟೆಸ್ಟರ್‌ಗಳಿದ್ದಾರೆ. ಕೆಲಸ ಚೆನ್ನಾಗಿ ಮಾಡುತ್ತಾರೆ. ಅಷ್ಟೊಂದು ತೊಂದರೆ ಇರುವ ಜಾಗದಲ್ಲಿ ಐಟಿ ಹೇಗೆ ಬೆಳೆಯಿತು? ಅಲ್ಲಿನ ಸರ್ಕಾರ ಮಾಡಿದ್ದೆಷ್ಟು, ಎನ್‌ಜಿಒಗಳು ಮಾಡಿದ್ದೆಷ್ಟು? ನಮ್ಮ ಎಸ್‌ಟಿಪಿಐ (ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ) ಥರದ್ದು ಅಲ್ಲಿ ಏನಾದರೂ ಇದೆಯಾ? ಗಾಜಾದ ಹುಡುಗ ಹುಡುಗಿಯರಿಗೂ ಸ್ವಲ್ಪ ಕೆಲಸ ಕೊಡೋಣ ಅಂತ ನಮ್ಮ ತಂಡದಲ್ಲಿ ಮಾತು ನಡೆದಿದೆ. ಯಾರ ಮೂಲಕ ಹೋಗಬೇಕು?

ಉತ್ತರ:

ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ. ಅಲ್ಲಿನ ಎಂಜಿನಿಯರ್‌ಗಳನ್ನು ತಯಾರು ಮಾಡಿದ್ದು ಬಹುಪಾಲು ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು. ಸರ್ಕಾರ ಮಾಡಬೇಕಿದ್ದ ದೊಡ್ಡ ಕೆಲಸಗಳು ಅದರ ಕೈಯಲ್ಲೇ ಇರಲಿಲ್ಲ. ಕೈಯಲ್ಲಿದ್ದ ಸಣ್ಣ ಕೆಲಸಗಳನ್ನು ಅದು ತುಂಬಾ ತಡವಾಗಿ ಮಾಡಿತು. ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಇಲ್ಲದಿದ್ದರೆ ಒಬ್ಬರು "ಎಲ್ಲಾ ಇಸ್ರೇಲ್‌ನಿಂದ ಆದದ್ದು" ಅನ್ನುತ್ತಾರೆ, ಇನ್ನೊಬ್ಬರು "ಎಲ್ಲಾ ರಮಲ್ಲಾದ ಅಧಿಕಾರಿಗಳ ತಪ್ಪು" ಅನ್ನುತ್ತಾರೆ. ಜಗಳ ಅಲ್ಲೇ ನಿಲ್ಲುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಸರ್ಕಾರ ಮೊದಲು ಬಂದಿದೆ, ಎನ್‌ಜಿಒ ಆಮೇಲೆ. ಅಲ್ಲಿ ನಡೆದದ್ದು ಉಲ್ಟಾ. ಪ್ಯಾಲೆಸ್ಟೀನ್ ಪ್ರಾಧಿಕಾರ, ಅಂದರೆ ರಮಲ್ಲಾದಲ್ಲಿರುವ ಅಲ್ಲಿನ ಸರ್ಕಾರ, ಹುಟ್ಟಿದ್ದು 1994ರಲ್ಲಿ, ಇಸ್ರೇಲ್ ಜೊತೆಗಿನ ಓಸ್ಲೊ ಒಪ್ಪಂದದ ನಂತರ. ಅದಕ್ಕೂ ಮೊದಲೇ ಅಲ್ಲಿ ವಿಶ್ವವಿದ್ಯಾಲಯಗಳಿದ್ದವು. ರಮಲ್ಲಾ ಹತ್ತಿರದ ಬಿರ್ಜೀತ್, ನಾಬ್ಲುಸ್‌ನ ಅನ್‌-ನಜಾಹ್, ಹೆಬ್ರಾನ್‌ನ ಪಾಲಿಟೆಕ್ನಿಕ್, ಗಾಜಾದ ಇಸ್ಲಾಮಿಕ್ ಯೂನಿವರ್ಸಿಟಿ, ಎಲ್ಲಾ 1970ರ ದಶಕದಲ್ಲಿ ಕಾಲೇಜು ಮಟ್ಟದಿಂದ ಮೇಲೆ ಬಂದವು ಅಥವಾ ಹೊಸದಾಗಿ ಶುರುವಾದವು. ಇವು ಸರ್ಕಾರದವಲ್ಲ, ಖಾಸಗಿ ಮಾಲೀಕರದ್ದೂ ಅಲ್ಲ. ಟ್ರಸ್ಟಿಗಳ ಮಂಡಳಿ ನಡೆಸುತ್ತದೆ. ಶುಲ್ಕ, ದೇಣಿಗೆ, ಸರ್ಕಾರದಿಂದ ಆಗಾಗ ಬರುವ ಒಂದಿಷ್ಟು ಅನುದಾನ, ಇವುಗಳಲ್ಲಿ ನಡೆಯುತ್ತವೆ. ನಿಮ್ಮ ರಮಲ್ಲಾದ ಸಹೋದ್ಯೋಗಿಗಳು ಕಂಪ್ಯೂಟರ್ ಸೈನ್ಸ್ ಕಲಿತಿದ್ದು ಇಂಥ ಕಡೆಯೇ ಇರಬೇಕು. ಹಾಗಾಗಿ ಎನ್‌ಜಿಒ ಅಂದಾಗ ವಿದೇಶದಿಂದ ಬಂದು ತರಬೇತಿ ಕೊಟ್ಟು ಹೋಗುವವರನ್ನು ಮಾತ್ರ ಲೆಕ್ಕಕ್ಕೆ ತಗೋಬೇಡಿ.

1999ರಲ್ಲಿ ಬಿರ್ಜೀತ್‌ನವರು ಬೆತ್ಲೆಹೆಮ್ ಪಕ್ಕದ ದೆಹೈಶಾ ನಿರಾಶ್ರಿತರ ಶಿಬಿರದಲ್ಲಿ ಇಂಟರ್ನೆಟ್ ಕೇಂದ್ರ ತೆರೆದರು. ಬೇರೆ ಬೇರೆ ದೇಶಗಳ ಶಿಬಿರಗಳಲ್ಲಿ ಚದುರಿಹೋದ ಸಂಬಂಧಿಕರನ್ನು ಒಬ್ಬರಿಗೊಬ್ಬರು ಸಿಗುವಂತೆ ಮಾಡುವುದು ಉದ್ದೇಶ. ಅದೇ ವರ್ಷ ಅಲ್ಲಿನ ಐಟಿ ಕಂಪನಿಗಳು ಸೇರಿ 'ಪೀಟಾ' ಎಂಬ ಸಂಘ ಕಟ್ಟಿಕೊಂಡವು. ನಮ್ಮ ನಾಸ್ಕಾಮ್ ಇದ್ದ ಹಾಗೆ. ಸ್ವಲ್ಪ ವರ್ಷಗಳಲ್ಲಿ ಹೊಸ ಕಂಪನಿಗಳಿಗೆ ಜಾಗ, ಸಲಹೆ ಕೊಡುವ 'ಪಿಕ್ಟಿ' ಎಂಬ ಇನ್‌ಕ್ಯುಬೇಟರ್ ಬಂತು.

ಈ ಕಾಲದಲ್ಲಿ ಸರ್ಕಾರವೂ ಸುಮ್ನೆ ಕೂತಿರಲಿಲ್ಲ. 2000ದ ಮಾರ್ಚ್‌ನಲ್ಲಿ ಪ್ಯಾಲೆಸ್ಟೀನ್‌ಗೆ ಇಂಟರ್ನೆಟ್‌ನಲ್ಲಿ ಸ್ವಂತ ವಿಳಾಸ ಸಿಕ್ಕಿತು, '.ಪಿಎಸ್' ಅಂತ. ಫೋನ್‌ಗೆ 970 ಎಂಬ ದೇಶದ ಕೋಡ್ ಬಂತು. ವಿಶ್ವಸಂಸ್ಥೆಯಲ್ಲಿ ಪೂರ್ಣ ಸದಸ್ಯತ್ವವೇ ಇಲ್ಲದ ಜಾಗಕ್ಕೆ ಇದೆಲ್ಲಾ ಸಿಗುವುದು ಸಣ್ಣ ಮಾತಲ್ಲ. ಇಂಥ ಕೆಲಸವನ್ನು ಎಷ್ಟು ದೊಡ್ಡ ಎನ್‌ಜಿಒ ಆದರೂ ಮಾಡೋಕೆ ಆಗಲ್ಲ.

ಇನ್ನು ತರಂಗಾಂತರದ, ಅಂದರೆ ಮೊಬೈಲ್ ಸಿಗ್ನಲ್ ಓಡಾಡುವ ರೇಡಿಯೊ ಅಲೆಗಳ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಅರ್ಥವಾದರೆ ಉಳಿದದ್ದು ತಾನಾಗೇ ಅರ್ಥವಾಗುತ್ತದೆ.

1995ರ ಎರಡನೇ ಓಸ್ಲೊ ಒಪ್ಪಂದದಲ್ಲಿ ಪ್ಯಾಲೆಸ್ಟೀನ್‌ನವರಿಗೆ ಸ್ವಂತ ದೂರಸಂಪರ್ಕ ಜಾಲ ಕಟ್ಟುವ ಹಕ್ಕಿದೆ ಅಂತ ಬರೆದಿದೆ. ಆದರೆ ಯಾವ ತರಂಗಾಂತರ ಎಷ್ಟು ಸಿಗಬೇಕು ಅನ್ನುವುದನ್ನು ಎರಡೂ ಕಡೆಯವರಿರುವ ಜಂಟಿ ತಾಂತ್ರಿಕ ಸಮಿತಿ ಒಪ್ಪಬೇಕು. ಇಸ್ರೇಲ್ ಒಪ್ಪದಿದ್ದರೆ ಮುಗಿಯಿತು. ಪ್ಯಾಲೆಸ್ಟೀನ್‌ನ ಎರಡು ಭಾಗಗಳಲ್ಲಿ ಒಂದು ಗಾಜಾ, ಇನ್ನೊಂದು ರಮಲ್ಲಾ ಇರುವ ವೆಸ್ಟ್ ಬ್ಯಾಂಕ್. ವೆಸ್ಟ್ ಬ್ಯಾಂಕ್‌ನ ಸುಮಾರು 60 ಶೇಕಡಾ ಭಾಗ ಇಸ್ರೇಲ್ ಹಿಡಿತದ 'ಸಿ' ವಲಯ. ಅಲ್ಲಿ ಒಂದು ಟವರ್ ನಿಲ್ಲಿಸಬೇಕಾದರೂ ಇಸ್ರೇಲ್‌ನ ಅನುಮತಿ ಬೇಕು. ಉಪಕರಣ ಬರುವುದು ಇಸ್ರೇಲ್‌ನ ಬಂದರುಗಳ ಮೂಲಕವೇ.

ಮೊದಲ ಮೊಬೈಲ್ ಕಂಪನಿ ಜವ್ವಾಲ್ 1999ರಲ್ಲಿ ಶುರುವಾಯಿತು. ಅದು ಪಾಲ್‌ಟೆಲ್ ಎಂಬ ದೊಡ್ಡ ಕಂಪನಿಯದ್ದು. ಪೈಪೋಟಿ ಬೇಕು ಅಂತ ಸರ್ಕಾರ ವತನಿಯಾ ಎಂಬ ಎರಡನೇ ಕಂಪನಿಗೆ ಲೈಸೆನ್ಸ್ ಕೊಟ್ಟಿತು. ಲೈಸೆನ್ಸ್ ಬೆಲೆ 35.5 ಕೋಟಿ ಡಾಲರ್. ಅದರಲ್ಲಿ 14 ಕೋಟಿಯನ್ನು ಕಂಪನಿ ಮೊದಲೇ ಕಟ್ಟಿತು. 2008ರ ಒಪ್ಪಂದದ ಪ್ರಕಾರ 4.8 ಮೆಗಾಹರ್ಟ್ಸ್ ಸಿಗಬೇಕಿತ್ತು. ಕೊನೆಗೆ ಸಿಕ್ಕಿದ್ದು 3.8. ಅದೂ ಮಧ್ಯಸ್ಥಿಕೆಗೆ ಬ್ರಿಟನ್‌ನ ಮಾಜಿ ಪ್ರಧಾನಿ ಟೋನಿ ಬ್ಲೇರ್ ಅವರಂಥವರು ಓಡಾಡಿದ ಮೇಲೆ, ಕಂಪನಿ "ನಮ್ಮ ದುಡ್ಡು ವಾಪಸ್ ಕೊಡಿ, ನಾವು ಹೋಗ್ತೀವಿ" ಅಂದ ಮೇಲೆ. 2009ರ ನವೆಂಬರ್‌ನಲ್ಲಿ ವೆಸ್ಟ್ ಬ್ಯಾಂಕ್‌ನಲ್ಲಿ ಸೇವೆ ಶುರುವಾಯಿತು. ಗಾಜಾಕ್ಕೆ ಹೋಗಲು ಅದಕ್ಕೆ 2017ರವರೆಗೆ ಕಾಯಬೇಕಾಯಿತು.

ಗಮನಿಸಿ: ಲೈಸೆನ್ಸ್ ಮಾರಿದ್ದು ಪ್ರಾಧಿಕಾರ, ತರಂಗಾಂತರ ಇಟ್ಟುಕೊಂಡಿದ್ದು ಇನ್ನೊಬ್ಬರು. ತನ್ನ ಬಳಿ ಇಲ್ಲದ ಸರಕನ್ನು ಅಂಗಡಿಯವನು ಮಾರಿದ ಹಾಗೆ. ಬೇರೆ ದಾರಿಯೂ ಅದಕ್ಕೆ ಇರಲಿಲ್ಲ ಅನ್ನೋದು ನಿಜ.

3ಜಿ ಕಥೆ ಇನ್ನೂ ಬೇಸರದ್ದು. ವೆಸ್ಟ್ ಬ್ಯಾಂಕ್‌ಗೆ 3ಜಿ ಬಂದಿದ್ದು 2018ರ ಜನವರಿಯಲ್ಲಿ. ಆ ಹೊತ್ತಿಗೆ ನಮ್ಮಲ್ಲಿ ಹಳ್ಳಿ ಹಳ್ಳಿಯಲ್ಲಿ 4ಜಿ ಬಂದು, ಡೇಟಾ ಬೆಲೆ ನೆಲ ಕಚ್ಚಿತ್ತು. ಗಾಜಾಕ್ಕೆ ಆಗಲೂ 2ಜಿಯೇ ಗತಿ. 2022ರಲ್ಲಿ ಆಗಿನ ಅಮೆರಿಕ ಅಧ್ಯಕ್ಷ ಜೋ ಬೈಡನ್ ಬಂದಾಗ 2023ರ ಕೊನೆಯೊಳಗೆ 4ಜಿ ಕೊಡಿಸುವ ಮಾತಾಯಿತು. ಗಡುವು ಹಾಗೇ ಕಳೆದುಹೋಯಿತು. ಇದೇ ಹೊತ್ತಲ್ಲಿ ವೆಸ್ಟ್ ಬ್ಯಾಂಕ್‌ನೊಳಗೆ ಇಸ್ರೇಲಿಗಳು ಕಟ್ಟಿಕೊಂಡ ವಸಾಹತುಗಳ ಟವರ್‌ಗಳಿಂದ ರಮಲ್ಲಾ, ನಾಬ್ಲುಸ್ ಕಡೆಗೆ ಇಸ್ರೇಲಿ ಕಂಪನಿಗಳ ವೇಗದ ಸಿಗ್ನಲ್ ಬರುತ್ತಿತ್ತು. ಜನ ಆ ಸಿಮ್ ಕೊಂಡರು, ಕೊಳ್ಳದೆ ಏನು ಮಾಡುತ್ತಾರೆ? 2016ರಲ್ಲಿ ವಿಶ್ವಬ್ಯಾಂಕ್ ಲೆಕ್ಕ ಹಾಕಿತು. ಅನುಮತಿಯಿಲ್ಲದೆ ವ್ಯಾಪಾರ ಮಾಡುವ ಇಸ್ರೇಲಿ ಕಂಪನಿಗಳ ಕೈಯಲ್ಲಿ ಮಾರುಕಟ್ಟೆಯ 20ರಿಂದ 30 ಶೇಕಡಾ ಇತ್ತು. 2013ರಿಂದ 2015ರವರೆಗಿನ 3 ವರ್ಷಗಳಲ್ಲಿ ಪ್ಯಾಲೆಸ್ಟೀನ್‌ನ ಮೊಬೈಲ್ ಕಂಪನಿಗಳು ಕಳೆದುಕೊಂಡ ಆದಾಯ 43.6 ಕೋಟಿಯಿಂದ 115 ಕೋಟಿ ಡಾಲರ್ ನಡುವೆ. ಸರ್ಕಾರಕ್ಕೆ ಬರಬೇಕಿದ್ದ ತೆರಿಗೆಯೂ ಅದರ ಜೊತೆ ಹೋಯಿತು.

ನಿಮ್ಮಂಥ ಸಾಫ್ಟ್‌ವೇರ್ ಜನರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ಆಫೀಸಿನಲ್ಲಿ ಕೇಬಲ್ ಇಂಟರ್ನೆಟ್ ಇದ್ದರೆ ಹೊರದೇಶದ ಕೆಲಸ ಮಾಡಿಕೊಡಬಹುದು. ಆದರೆ ಊರಿನ ಜನರ ಫೋನ್‌ನಲ್ಲಿ ಡೇಟಾ ಇಲ್ಲದಿದ್ದರೆ ಊರಿಗಾಗಿ ಆ್ಯಪ್ ಮಾಡಿ ಯಾರಿಗೆ ಮಾರುತ್ತೀರಿ? ಟ್ಯಾಕ್ಸಿ, ಊಟ, ಪಾವತಿಯ ಆ್ಯಪ್‌ಗಳು ಲೋಕದಲ್ಲೆಲ್ಲಾ ಬಂದ ಆ ಹತ್ತು ವರ್ಷ ಅಲ್ಲಿನ ಕಂಪನಿಗಳಿಗೆ ಸ್ಥಳೀಯ ಮಾರುಕಟ್ಟೆಯೇ ಇರಲಿಲ್ಲ ಅನ್ನಬಹುದು. ಅದಕ್ಕೇ ಅವರ ಐಟಿ ಹೊರಗುತ್ತಿಗೆಯ ಕಡೆ ಜಾಸ್ತಿ ವಾಲಿತು.

ಸರಿ, ಸರ್ಕಾರದ ಕೈಯಲ್ಲೇ ಇದ್ದ ಕೆಲಸ ಯಾವುದು? ಕಾನೂನು. ಇಲ್ಲಿ ಯಾರ ಅನುಮತಿಯೂ ಬೇಕಿರಲಿಲ್ಲ. ಆದರೂ ವೆಸ್ಟ್ ಬ್ಯಾಂಕ್‌ನಲ್ಲಿ 1964ರ ಜೋರ್ಡಾನ್ ಕಂಪನಿ ಕಾನೂನು, ಗಾಜಾದಲ್ಲಿ ಬ್ರಿಟಿಷರ ಕಾಲದ 1929ರ ಕಾನೂನು 2021ರವರೆಗೂ ನಡೆದವು. ಹೂಡಿಕೆದಾರರು ಕೇಳುವ ರೀತಿಯಲ್ಲಿ ಷೇರು ಹಂಚೋದು ಇಂಥ ಕಾನೂನಿನಲ್ಲಿ ಕಷ್ಟ. ಎಷ್ಟೋ ಸ್ಟಾರ್ಟಪ್‌ಗಳು ಎಂಜಿನಿಯರ್‌ಗಳನ್ನು ರಮಲ್ಲಾದಲ್ಲಿ ಕೂರಿಸಿ, ಕಂಪನಿಯನ್ನು ಅಮೆರಿಕದ ಡೆಲವೇರ್‌ನಲ್ಲಿ ನೋಂದಾಯಿಸಿದವು. ದೂರಸಂಪರ್ಕಕ್ಕೆ ಸ್ವತಂತ್ರ ನಿಯಂತ್ರಣ ಪ್ರಾಧಿಕಾರ ಬೇಕು ಅಂತ 2009ರಲ್ಲಿ ಸುಗ್ರೀವಾಜ್ಞೆ ಬಂತು. ಅದು ವರ್ಷಗಟ್ಟಲೆ ಕಾಗದದಲ್ಲೇ ಉಳಿಯಿತು. 2007ರಿಂದ ಅಲ್ಲಿನ ಶಾಸನಸಭೆ ಕೆಲಸ ಮಾಡುತ್ತಿಲ್ಲ. ಎಲ್ಲ ಕಾನೂನೂ ಅಧ್ಯಕ್ಷರ ಸುಗ್ರೀವಾಜ್ಞೆಯಿಂದಲೇ. ಚರ್ಚೆಯಿಲ್ಲದ ಕಾನೂನು ಹೇಗಿರುತ್ತದೆ ಅನ್ನುವುದಕ್ಕೆ 2017ರ ಸೈಬರ್ ಅಪರಾಧ ಕಾನೂನೇ ಸಾಕ್ಷಿ. ಪತ್ರಕರ್ತರ ಮೇಲೆ ಅದನ್ನು ಬಳಸಿದ ಮೇಲೆ ಗಲಾಟೆಯಾಗಿ ಮರುವರ್ಷ ಬದಲಿಸಬೇಕಾಯಿತು.

ವೆಬ್‌ಸೈಟ್ ಮುಚ್ಚಿಸುವ ಚಟವೂ ಇತ್ತು. 2012ರಲ್ಲಿ ಅಧ್ಯಕ್ಷ ಅಬ್ಬಾಸ್ ಅವರನ್ನು ಟೀಕಿಸುವ ಕೆಲವು ತಾಣಗಳನ್ನು ತಡೆಯಲು ಇಂಟರ್ನೆಟ್ ಕಂಪನಿಗಳಿಗೆ ಆದೇಶ ಹೋಗಿತ್ತು. ಸುದ್ದಿ ಹೊರಬಂದಾಗ ದೂರಸಂಪರ್ಕ ಸಚಿವ ಮಶ್‌ಹೂರ್ ಅಬುದಕ್ಕಾ ಅದನ್ನು ಬಹಿರಂಗವಾಗಿ ವಿರೋಧಿಸಿ ರಾಜೀನಾಮೆ ಕೊಟ್ಟರು. ನನ್ನ ಮಟ್ಟಿಗೆ ಆ ಸಚಿವಾಲಯದ ಇತಿಹಾಸದಲ್ಲಿ ಅತ್ಯಂತ ಗೌರವದ ಕ್ಷಣ ಅದು. 2019ರಲ್ಲಿ ಮತ್ತೆ ಕೋರ್ಟ್ ಆದೇಶದ ಮೇಲೆ 59 ತಾಣಗಳು ಬಂದ್ ಆದವು. ಇಂಥ ವಿಷಯದಲ್ಲಿ ದನಿ ಎತ್ತುವುದು 'ಹಮ್ಲೆ' ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆ. ಅದು ಇಸ್ರೇಲ್, ಪ್ರಾಧಿಕಾರ, ಫೇಸ್‌ಬುಕ್, ಮೂವರನ್ನೂ ಪ್ರಶ್ನಿಸುತ್ತದೆ. ಎನ್‌ಜಿಒ ಅಂದರೆ ತರಬೇತಿ ಕೊಡುವವರು ಮಾತ್ರ ಅಲ್ಲ, ಅಲ್ವಾ?

ಒಳ್ಳೆಯದನ್ನೂ ಹೇಳಬೇಕು. ಎಸ್ಟೋನಿಯಾದವರ ನೆರವು ಪಡೆದು, ಸರ್ಕಾರಿ ಇಲಾಖೆಗಳು ಒಂದಕ್ಕೊಂದು ಮಾಹಿತಿ ಕೊಡುವ ವ್ಯವಸ್ಥೆಯನ್ನು ಸಚಿವಾಲಯ ಜಾರಿಗೆ ತಂದಿತು. 2017ರಲ್ಲಿ ಎಲೆಕ್ಟ್ರಾನಿಕ್ ವ್ಯವಹಾರಗಳಿಗೆ ಕಾನೂನು ಬಂತು. 2024ರಲ್ಲಿ ಪ್ರಧಾನಿಯಾದ ಮೊಹಮ್ಮದ್ ಮುಸ್ತಫಾ ಪಾಲ್‌ಟೆಲ್ ಕಟ್ಟಿದವರಲ್ಲೊಬ್ಬರು. ಅವರ ಕಾಲದಲ್ಲಿ ಸಚಿವಾಲಯದ ಹೆಸರಿಗೆ 'ಡಿಜಿಟಲ್ ಆರ್ಥಿಕತೆ' ಸೇರಿತು. ವಿಷಯ ಗೊತ್ತಿರುವವರು ಮೇಲೆ ಬಂದಿದ್ದಾರೆ ಅನ್ನಬಹುದು. ಸರ್ಕಾರ, ದೊಡ್ಡ ಕಂಪನಿ ಎರಡೂ ಒಂದೇ ವಲಯದ ಜನ ಅಂತಲೂ ಅನ್ನಬಹುದು. ಎರಡೂ ನಿಜ. ಖಜಾನೆಯ ಸ್ಥಿತಿ ಮಾತ್ರ ಕೇಳಬೇಡಿ. ಪ್ರಾಧಿಕಾರದ ಆದಾಯದ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ತೆರಿಗೆಯನ್ನು ಇಸ್ರೇಲ್ ವಸೂಲಿ ಮಾಡಿ ಆಮೇಲೆ ಕೊಡಬೇಕು. ಅದು ಆಗಾಗ ತಡೆಹಿಡಿಯುತ್ತದೆ. 2021ರ ಕೊನೆಯಿಂದ ಸರ್ಕಾರಿ ನೌಕರರಿಗೆ ಪೂರ್ತಿ ಸಂಬಳವೇ ಇಲ್ಲ. ಐಟಿ ನೀತಿಗೆ ದುಡ್ಡು ಎಲ್ಲಿಂದ ಬರಬೇಕು?

ಇಷ್ಟು ಕೇಳಿದ ಮೇಲೆ ಗಾಜಾದ ಕಥೆ ನಂಬೋದೇ ಕಷ್ಟ. 2011ರಲ್ಲಿ ಮರ್ಸಿ ಕೋರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ ಗೂಗಲ್ ಕೊಟ್ಟ 9 ಲಕ್ಷ ಡಾಲರ್‌ನಿಂದ 'ಗಾಜಾ ಸ್ಕೈ ಗೀಕ್ಸ್' ಶುರು ಮಾಡಿತು. ಆರಂಭದ ಯೋಚನೆ ಸ್ಟಾರ್ಟಪ್ ಬೆಳೆಸೋದು. ಗಾಜಾದಿಂದ ಹೊರಗೆ ಹೋಗಲು ಜನರಿಗೆ ಅನುಮತಿ ಸಿಗಲ್ಲ, ಒಳಗೆ ದಿನಕ್ಕೆ ಕೆಲವೇ ಗಂಟೆ ಕರೆಂಟ್. ಸ್ಟಾರ್ಟಪ್ ಸಂಸ್ಥಾಪಕ ಹೂಡಿಕೆದಾರನ ಮುಖ ನೋಡುವುದೇ ಕಷ್ಟ. ಹೋಗ್ತಾ ಹೋಗ್ತಾ ಅವರು ದಾರಿ ಬದಲಿಸಿದರು. ಲಂಡನ್‌ನ ಫೌಂಡರ್ಸ್ ಅಂಡ್ ಕೋಡರ್ಸ್ ಜೊತೆ ಸೇರಿ ಕೋಡಿಂಗ್ ಶಾಲೆ ತೆರೆದರು. ಫ್ರೀಲ್ಯಾನ್ಸ್ ಕೆಲಸ ಹಿಡಿಯೋದು ಹೇಗೆ, ಗಿರಾಕಿ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡೋದು ಹೇಗೆ, ದರ ಹೇಳೋದು ಹೇಗೆ, ಇದನ್ನೆಲ್ಲಾ ಕಲಿಸಿದರು. ಹುಡುಗಿಯರನ್ನು ಸರಿಸಮ ಸಂಖ್ಯೆಯಲ್ಲಿ ಸೇರಿಸಲು ಹಟ ಹಿಡಿದರು. ಜನರೇಟರ್ ಇರುವ ಆಫೀಸೇ ಅಲ್ಲಿ ದೊಡ್ಡ ಸೌಲಭ್ಯವಾಗಿತ್ತು.

ನನಗೆ ಈ ಸಂಸ್ಥೆ ಮೇಲೆ ಗೌರವ ಇದೆ. ಆದರೂ ಇದರ ಮಿತಿ ನೋಡಿ. ಅವರು ಚೆನ್ನಾಗಿ ಕಲಿಸಿದ ಹುಡುಗನಿಗೆ ಸಂಬಳ ಪಡೆಯೋದೇ ಸಮಸ್ಯೆ. ಆನ್‌ಲೈನ್‌ನಲ್ಲಿ ಹಣ ಕಳಿಸುವ ಪೇಪಾಲ್ ಕಂಪನಿ ವೆಸ್ಟ್ ಬ್ಯಾಂಕ್‌ನ ಇಸ್ರೇಲಿ ವಸಾಹತುಗಾರರಿಗೆ ಸೇವೆ ಕೊಡುತ್ತದೆ, ಪಕ್ಕದ ಊರಿನ ಪ್ಯಾಲೆಸ್ಟೀನ್‌ನವರಿಗೆ ಕೊಡಲ್ಲ. 2016ರಲ್ಲಿ ಹತ್ತಾರು ಸಂಸ್ಥೆಗಳು ಸೇರಿ ಪೇಪಾಲ್‌ಗೆ ಬಹಿರಂಗ ಪತ್ರ ಬರೆದವು. ಏನೂ ಬದಲಾಗಲಿಲ್ಲ. ಬ್ಯಾಂಕ್ ವ್ಯವಹಾರವನ್ನು ಸರಿಮಾಡೋದು ಎನ್‌ಜಿಒ ಕೆಲಸ ಅಲ್ಲ, ಅದಕ್ಕೆ ಆ ಶಕ್ತಿಯೂ ಇಲ್ಲ.

ಇನ್ನೊಂದು ತೊಂದರೆ ದೇಣಿಗೆಯದ್ದು. ಅಮೆರಿಕದ ಸರ್ಕಾರಿ ನೆರವು ಸಂಸ್ಥೆ ಯುಎಸ್‌ಏಡ್ ಬಹಳ ವರ್ಷ ದೊಡ್ಡ ದಾನಿಯಾಗಿತ್ತು. ಅಮೆರಿಕದಲ್ಲಿ ಒಂದು ಭಯೋತ್ಪಾದನೆ ವಿರೋಧಿ ಕಾನೂನು ಬದಲಾಯಿತು. ನೆರವು ಪಡೆದವರು ಅಲ್ಲಿನ ಕೋರ್ಟಿನಲ್ಲಿ ಮೊಕದ್ದಮೆ ಎದುರಿಸಬೇಕಾಗಬಹುದು ಅಂತಾಯಿತು. ಪ್ರಾಧಿಕಾರ ನೆರವು ಬೇಡ ಅಂದಿತು. 2019ರ ಜನವರಿ ಕೊನೆಗೆ ಎಲ್ಲಾ ಯೋಜನೆಗಳೂ ನಿಂತವು. 2021ರಲ್ಲಿ ಮತ್ತೆ ಶುರು, 2025ರಲ್ಲಿ ಆ ಸಂಸ್ಥೆಯೇ ಮುಚ್ಚಿತು. ಇಂಥ ದುಡ್ಡು ನಂಬಿಕೊಂಡ ಕಾರ್ಯಕ್ರಮ ಎಷ್ಟೇ ಚೆನ್ನಾಗಿದ್ದರೂ ಎರಡು ಮೂರು ವರ್ಷದ್ದು. ಬ್ಯಾಚ್ ಮುಗಿದ ಮೇಲೆ ಕಲಿತವರ ಸಂಖ್ಯೆ ವರದಿಯಲ್ಲಿ ಬರುತ್ತದೆ, ಐದು ವರ್ಷದ ನಂತರ ಅವರು ಎಲ್ಲಿದ್ದಾರೆ ಅಂತ ಯಾರೂ ಕೇಳಲ್ಲ. ಅದಕ್ಕೆ ಹೋಲಿಸಿದರೆ ಪೀಟಾದಂಥ ಸಂಘ ಗಟ್ಟಿ. ಅದರ ಸದಸ್ಯರು ಕಂಪನಿಗಳೇ. ದಾನಿ ಬದಲಾದರೂ ಸದಸ್ಯರು ಇರುತ್ತಾರೆ.

ಲಾಭಕ್ಕಾಗಿ ಬಂದವರೂ ಇದ್ದಾರೆ. 2008ರಲ್ಲಿ ಅಮೆರಿಕದ ನೆಟ್‌ವರ್ಕ್ ಉಪಕರಣ ಕಂಪನಿ ಸಿಸ್ಕೊ ಮೊದಲು 1 ಕೋಟಿ, ಆಮೇಲೆ ಏರಿಸಿ 1.5 ಕೋಟಿ ಡಾಲರ್ ತೊಡಗಿಸಿತು. ಬರೀ ದಾನ ಕೊಡದೆ ತನ್ನ ಕೆಲಸವನ್ನೇ ರಮಲ್ಲಾ ಕಂಪನಿಗಳಿಗೆ ಹೊರಗುತ್ತಿಗೆ ಕೊಟ್ಟಿದ್ದು ಅದರ ಜಾಣತನ. 2011ರಲ್ಲಿ ಸುಮಾರು 3 ಕೋಟಿ ಡಾಲರ್‌ನ ಸದಾರಾ ಎಂಬ ಹೂಡಿಕೆ ನಿಧಿ ಬಂತು. ಕಟ್ಟಿದವರು ಒಬ್ಬ ಇಸ್ರೇಲಿ, ಒಬ್ಬ ಪ್ಯಾಲೆಸ್ಟೀನಿ. ಇಸ್ರೇಲ್‌ನ ಚಿಪ್ ಕಂಪನಿ ಮೆಲನಾಕ್ಸ್ ರಮಲ್ಲಾದ ಅಸಲ್ ಕಂಪನಿ ಮೂಲಕ ನೂರಕ್ಕೂ ಹೆಚ್ಚು ಪ್ಯಾಲೆಸ್ಟೀನ್ ಎಂಜಿನಿಯರ್‌ಗಳಿಗೆ ಕೆಲಸ ಕೊಟ್ಟಿತ್ತು, ಗಾಜಾದವರೂ ಸೇರಿ. 2020ರಲ್ಲಿ ಎನ್ವಿಡಿಯಾ ಆ ಕಂಪನಿಯನ್ನು ಸುಮಾರು 700 ಕೋಟಿ ಡಾಲರ್‌ಗೆ ಕೊಂಡಿತು. ಆಕ್ರಮಿಸಿದವರ ಕಂಪನಿಗೆ ದುಡಿಯೋದು ಸರಿಯಾ ಅನ್ನುವ ಚರ್ಚೆ ಅಲ್ಲಿ ಇದೆ. ಹೊರಗಿನಿಂದ ನಾನು ತೀರ್ಪು ಕೊಡಲ್ಲ. ಆ ಎಂಜಿನಿಯರ್‌ಗಳು ಕಲಿತ ಕೆಲಸ ಅವರ ಬಳಿಯೇ ಇದೆ ಅಂತ ಮಾತ್ರ ಹೇಳುತ್ತೇನೆ.

ಈಗ ನಿಮ್ಮ ಎಸ್‌ಟಿಪಿಐ ಪ್ರಶ್ನೆ. ನಮ್ಮಲ್ಲಿ 1991ರಲ್ಲಿ ಎಸ್‌ಟಿಪಿಐ ಬಂದಾಗ ಅದು ಕೊಟ್ಟಿದ್ದು ಎರಡು ಮುಖ್ಯ ಸಂಗತಿ: ಉಪಗ್ರಹದ ಮೂಲಕ ಡೇಟಾ ಸಂಪರ್ಕ, ಸುಂಕವಿಲ್ಲದೆ ಉಪಕರಣ ತರಿಸುವ ಅನುಮತಿ. ಕಸ್ಟಮ್ಸ್ ನಮ್ಮದು, ದೂರಸಂಪರ್ಕ ನಮ್ಮದು, ಹಾಗಾಗಿ ಸರ್ಕಾರ ಮನಸ್ಸು ಮಾಡಿದರೆ ಆಗುತ್ತಿತ್ತು. ರಮಲ್ಲಾದ ಸರ್ಕಾರದ ಕೈಯಲ್ಲಿ ಇಲ್ಲದಿರುವುದು ಸರಿಯಾಗಿ ಇವೆರಡೇ.

ಇದಕ್ಕೆ ಭಾರತದ್ದೇ ಉದಾಹರಣೆ ಇದೆ. 2015ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅಬು ದಿಸ್‌ನ ಅಲ್-ಖುದ್ಸ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದರು. ಅಲ್ಲಿ ಭಾರತದ ನೆರವಿನ ಐಟಿ ಕೇಂದ್ರ. ಉಡುಗೊರೆಯಾಗಿ ಕಳಿಸಿದ್ದ ಕಂಪ್ಯೂಟರ್ ಮತ್ತು ಸಂಪರ್ಕ ಉಪಕರಣಗಳು ಇಸ್ರೇಲ್‌ನ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡವು. ಕಂಪ್ಯೂಟರ್ ಬಿಟ್ಟರು. ತರಂಗಾಂತರದ ನಿಯಮ ಹೇಳಿ ಸಂಪರ್ಕ ಉಪಕರಣ ಬಿಡಲಿಲ್ಲ. ಭಾರತದ ರಾಷ್ಟ್ರಪತಿ ಬರುವಾಗಲೇ ಹೀಗಾದರೆ ನಾಬ್ಲುಸ್‌ನ ಒಂದು ಸಣ್ಣ ಕಂಪನಿ ರೂಟರ್ ತರಿಸುವುದು ಎಷ್ಟು ಕಷ್ಟ ಅಂತ ನೀವೇ ಯೋಚಿಸಿ.

ಎಸ್‌ಟಿಪಿಐಗೆ ಅತ್ಯಂತ ಹತ್ತಿರದ್ದು ಬಿರ್ಜೀತ್‌ನ ಟೆಕ್ನೋ ಪಾರ್ಕ್. ಅದಕ್ಕೂ ಭಾರತದ್ದೇ ದುಡ್ಡು, 1.2 ಕೋಟಿ ಡಾಲರ್. ಇನ್ನು ಉದ್ಯಮಿ ಬಶಾರ್ ಮಸ್ರಿ ಕಟ್ಟಿಸಿದ ರವಾಬಿ ಎಂಬ ಹೊಸ ಊರಿನಲ್ಲೂ ಐಟಿ ಕೇಂದ್ರ ಇದೆ. ಕಟ್ಟಡ ಬೇಕು, ಒಪ್ಪುತ್ತೇನೆ. ಎಸ್‌ಟಿಪಿಐ ಗೆದ್ದಿದ್ದು ಮಾತ್ರ ಕಟ್ಟಡದಿಂದ ಅಲ್ಲ.

ಗಾಜಾದ ಈಗಿನ ಸ್ಥಿತಿ ನಿಮಗೆ ಗೊತ್ತು. 2023ರ ಅಕ್ಟೋಬರ್‌ನಲ್ಲೇ ಇಸ್ಲಾಮಿಕ್ ಯೂನಿವರ್ಸಿಟಿ ಮೇಲೆ ಬಾಂಬ್ ಬಿತ್ತು. ಅದೇ ತಿಂಗಳ 27ರಂದು ಇಡೀ ಗಾಜಾದಲ್ಲಿ ಫೋನ್, ಇಂಟರ್ನೆಟ್ ಎರಡೂ ಹೋದವು. ಸರ್ಕಾರಗಳು ನೋಡುತ್ತಾ ಇದ್ದಾಗ ಈಜಿಪ್ಟ್‌ನ ಒಬ್ಬ ಲೇಖಕಿ ಇ-ಸಿಮ್ (ಚಿಪ್ ಇಲ್ಲದೆ ಆನ್‌ಲೈನ್‌ನಲ್ಲೇ ಫೋನ್‌ಗೆ ಹಾಕಿಕೊಳ್ಳುವ ಸಿಮ್) ದಾನ ಮಾಡಿ ಅಂತ ಜನರಿಗೆ ಕರೆ ಕೊಟ್ಟರು. ಫೋನ್‌ಗೆ ಇ-ಸಿಮ್ ಹಾಕಿಕೊಂಡು, ಎತ್ತರದ ಜಾಗ ಹತ್ತಿ, ಈಜಿಪ್ಟ್ ಅಥವಾ ಇಸ್ರೇಲ್ ಕಡೆಯ ಸಿಗ್ನಲ್ ಹಿಡಿದು ಜನ ಹೊರಗಿನವರ ಜೊತೆ ಮಾತಾಡಿದರು. ಫ್ರೀಲ್ಯಾನ್ಸರ್‌ಗಳು ಟೆಂಟ್‌ನಿಂದ, ಸೋಲಾರ್ ಪ್ಯಾನಲ್ ಇರುವ ಸಣ್ಣ ಕೇಂದ್ರಗಳಿಂದ ಕೆಲಸ ಮುಂದುವರಿಸಿದರು.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಒಬ್ಬೊಬ್ಬ ಫ್ರೀಲ್ಯಾನ್ಸರ್‌ನನ್ನು ಹುಡುಕುವ ಬದಲು ಪೀಟಾ ಸದಸ್ಯ ಕಂಪನಿಯೊಂದರ ಮೂಲಕ ಹೋಗಿ. ರಮಲ್ಲಾದಲ್ಲಿ ನೋಂದಣಿಯಾಗಿ ಗಾಜಾದಲ್ಲೂ ಜನ ಇರುವ ಕಂಪನಿ ಸಿಕ್ಕರೆ ಒಳ್ಳೆಯದು. ಆಗ ಹಣ ಕಂಪನಿಯ ಬ್ಯಾಂಕ್ ಖಾತೆಗೆ ಹೋಗುತ್ತದೆ, ಒಬ್ಬರಿಗೆ ಸಂಪರ್ಕ ತಪ್ಪಿದರೆ ಇನ್ನೊಬ್ಬರು ಕೆಲಸ ಮುಗಿಸುತ್ತಾರೆ. ಹೊಸಬರು ಬೇಕಾದರೆ ಗಾಜಾ ಸ್ಕೈ ಗೀಕ್ಸ್‌ನವರನ್ನು ಕೇಳಿ. ಅವರು ಈಗ ವೆಸ್ಟ್ ಬ್ಯಾಂಕ್‌ನಲ್ಲೂ ಇದ್ದಾರೆ. ಕೆಲಸವನ್ನು ಸಣ್ಣ ತುಂಡುಗಳಾಗಿ ಕೊಡಿ. ದಿನಾ ಬೆಳಗ್ಗೆ ವಿಡಿಯೊ ಕರೆಗೆ ಬರಲೇಬೇಕು ಅನ್ನುವ ನಿಯಮ ಇಡಬೇಡಿ, ಬರಹದಲ್ಲೇ ಮಾತು ನಡೆಯಲಿ. ಉಚಿತ ತರಬೇತಿ ಕೊಡುವ ಉತ್ಸಾಹ ನಿಮ್ಮ ತಂಡದಲ್ಲಿದ್ದರೆ ಅದನ್ನು ಸ್ವಲ್ಪ ಹಿಂದೆ ಇಡಿ. ತರಬೇತಿ ಅವರಿಗೆ ಸಾಕಷ್ಟು ಸಿಕ್ಕಿದೆ, ಕಡಿಮೆ ಇರುವುದು ಬಿಲ್ ಕಟ್ಟುವ ಗಿರಾಕಿಗಳು. ಇದೆಲ್ಲಕ್ಕೂ ಮೊದಲು ನಿಮ್ಮ ಹಣಕಾಸು ವಿಭಾಗವನ್ನೂ ಬ್ಯಾಂಕನ್ನೂ ಕೇಳಿ, ಅಲ್ಲಿಗೆ ಹಣ ಕಳಿಸಲು ಯಾವ ಕಾಗದಪತ್ರ ಬೇಕು ಅಂತ. ಅದು ಬರಹದಲ್ಲಿ ಕೈಗೆ ಬಂದ ಮೇಲೆ ಮಾತ್ರ ಆ ಹುಡುಗರಿಗೆ ಮಾತು ಕೊಡಿ.